ಮೋಟಾರಿಗೆ 10 ವರ್ಷ ವಾರಂಟಿ, ಬೋರ್ಡಿಗೆ ಎಷ್ಟು?

“ಅಣ್ಣಾ, ಇದನ್ನ ಕೊಟ್ಟು ಹೊಸದು ತಗೊಳ್ಳೋದಾ, ಇಲ್ಲ ಇದನ್ನೇ ರಿಪೇರಿ ಮಾಡ್ಸೋದಾ?”

ನಾನು ಮಷೀನಿನ ಹಿಂಬದಿಯ ತಗಡು ಬಿಚ್ಚಿ, ಟಾರ್ಚ್ ಹಿಡಿದು ಕೂತಿರುವಾಗ ಬಾಗಿಲಲ್ಲಿ ನಿಂತ ಮನೆಯವರು ಕೇಳುವ ಪ್ರಶ್ನೆ ಇದು. ದಾವಣಗೆರೆಯಲ್ಲಿ 26 ವರ್ಷಗಳಿಂದ ವಾಷಿಂಗ್ ಮಷೀನ್ ರಿಪೇರಿ ಮಾಡುತ್ತಿದ್ದೇನೆ. ಮೊದಲೆಲ್ಲ ಉತ್ತರ ಸಲೀಸಾಗಿತ್ತು. ಬೆಲ್ಟ್ ಹೋಗಿದೆ, ಹಾಕಿಕೊಡ್ತೀನಿ, ಇನ್ನೂ ಐದು ವರ್ಷ ಓಡ್ತದೆ ಅನ್ನುತ್ತಿದ್ದೆ, ಓಡುತ್ತಿತ್ತು. ಈಗ ಹಾಗೆ ಥಟ್ಟನೆ ಹೇಳಲು ನಾಲಿಗೆ ಏಳುವುದಿಲ್ಲ. ಹೊಸ ಮಷೀನ್‌ಗಳಲ್ಲಿ ನಿಜವಾಗಿಯೂ ಒಳ್ಳೆಯದಾಗಿರುವ ಸಂಗತಿಗಳಿವೆ, ಅವನ್ನು ಮುಚ್ಚಿಟ್ಟು ಹಳೆಯದನ್ನು ಹೊಗಳಿದರೆ ಜನರಿಗೆ ಮೋಸ ಮಾಡಿದಂತೆ. ಕೆಟ್ಟಿರುವ ಸಂಗತಿಯೂ ಒಂದಿದೆ. ಅದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಕಳೆದ ದೀಪಾವಳಿಗೆ ನಮ್ಮ ಮನೆಗೇ ಹೊಸ ಮಷೀನ್ ಬಂತು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮಗಳು ಅವರಮ್ಮನಿಗೆಂದು ಕೊಡಿಸಿದ್ದು. 8 ಕೆ.ಜಿ.ಯ ಟಾಪ್ ಲೋಡ್, ಗಾಜಿನ ಮುಚ್ಚಳ, ನೀರು ಕಾಯಿಸುವ ಹೀಟರ್, ಇನ್ವರ್ಟರ್ ಮೋಟಾರ್. ಅದು ಬಂದಾಗ ಹಿತ್ತಲಿನ ಶೀಟಿನ ಕೆಳಗೆ ಇನ್ನೆರಡು ಮಷೀನ್ ಆಗಲೇ ಇದ್ದವು. ಒಂದು ನಮ್ಮವ್ವನದು, 1999ರಲ್ಲಿ ತಂದ ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್. ಇನ್ನೊಂದು ಹೆಂಡತಿ 2008ರಿಂದ ಬಳಸುತ್ತಿದ್ದ, ಬೆಲ್ಟ್ ಮತ್ತು ಕ್ಲಚ್ ಇರುವ ಹಳೆಯ ಕಾಲದ ಫುಲ್ ಆಟೊಮ್ಯಾಟಿಕ್. ಮೂರೂ ಸುಸ್ಥಿತಿಯಲ್ಲಿದ್ದವು. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ಅನ್ನಿಸಿತು. ಎರಡು ತಿಂಗಳು ಮೂರರಲ್ಲೂ ಬಟ್ಟೆ ಒಗೆದು ನೋಡಿದೆವು. ಒಗೆದವರು ಅವ್ವ ಮತ್ತು ಹೆಂಡತಿ. ನನ್ನ ಕೆಲಸ ತೂಗುವುದು, ಅಳೆಯುವುದು, ಬರೆದಿಡುವುದು. ಪ್ರತಿ ಸಲ 5 ಕೆ.ಜಿ. ಒಣ ಬಟ್ಟೆ, ಒಂದೇ ಸೋಪಿನ ಪುಡಿ, ಒಂದೇ ಅಳತೆ. ನೀರು ನಮ್ಮ ಬೋರ್‌ನದು. ಬಿಸಿಲಿಗೆ ಒಣಗಿದರೆ ಬಕೆಟ್ಟಿನ ಅಂಚಿಗೆ ಸುಣ್ಣದಂಥ ಬಿಳಿ ಪೊರೆ ಕಟ್ಟುವ ನೀರು.

ಒಗೆಯಲು ಆರಿಸಿಕೊಂಡ ಬಟ್ಟೆಯ ಬಗ್ಗೆಯೂ ಹೇಳಬೇಕು. ಜಾಹೀರಾತಿನಲ್ಲಿ ಒಗೆಯುವ ಬಟ್ಟೆಯೇ ಬೇರೆ, ನಮ್ಮ ಮನೆಗಳ ಬಟ್ಟೆಯೇ ಬೇರೆ. ಚನ್ನಗಿರಿ ಕಡೆ ನನ್ನ ಭಾವಮೈದುನನಿಗೆ ಅಡಿಕೆ ತೋಟವಿದೆ. ಕೊಯ್ಲಿನ ಕಾಲ, ಅಡಿಕೆ ಸುಲಿಯುವಾಗ ಉಟ್ಟ ಲುಂಗಿ, ಅಂಗಿಗಳನ್ನು ಒಂದು ಗೋಣಿಚೀಲದಲ್ಲಿ ತುಂಬಿ ಕಳಿಸಿದ. ಪಕ್ಕದ ಮನೆಯ ಇಬ್ಬರು ಹುಡುಗರ ಬಿಳಿ ಯೂನಿಫಾರ್ಮ್, ಮೊಣಕೈ ತನಕ ಕೆಂಪು ಮಣ್ಣು. ನನ್ನ ಗ್ರೀಸ್ ಹತ್ತಿದ ಪ್ಯಾಂಟು. ಅವ್ವನ ಹತ್ತಿ ಸೀರೆ. ಮತ್ತೆ ಡಬಲ್ ಕಾಟ್ ಬೆಡ್‌ಶೀಟ್.

ಅಡಿಕೆ ಚೊಗರು ಮೂರರಲ್ಲೂ ಹೋಗಲಿಲ್ಲ. ಅದು ಹೋಗುವ ಕಲೆಯಲ್ಲ. ತೋಟದವರು ಆ ಬಟ್ಟೆಯನ್ನು ಅದಕ್ಕೇ ಬೇರೆ ಇಟ್ಟಿರುತ್ತಾರೆ. 60 ಡಿಗ್ರಿಯಲ್ಲಿ ಎಲ್ಲ ಕಲೆಯೂ ಹೋಗುತ್ತದೆ ಎಂದು ಅಂಗಡಿಯ ಹುಡುಗ ಹೇಳಿದ್ದನ್ನು ನೀವೂ ಕೇಳಿದ್ದರೆ, ಇದೊಂದು ನೆನಪಿರಲಿ. ಆದರೆ ಅಂಗಿಯ ಕಾಲರಿನ ಎಣ್ಣೆ ಜಿಡ್ಡು, ದಿಂಬಿನ ಹೊದಿಕೆಯ ಜಿಡ್ಡು ಹೊಸ ಮಷೀನಿನ ಬಿಸಿನೀರಿಗೆ ಚೆನ್ನಾಗಿ ಬಿಟ್ಟಿತು. ಹಳೆಯ ಎರಡರಲ್ಲೂ ಹೆಂಡತಿ ಕಾಲರಿಗೆ ಬ್ರಷ್ ಹಾಕಲೇಬೇಕಿತ್ತು. ಹೊಸದರಲ್ಲಿ ಹಾಕದೆಯೂ ನಡೆಯಿತು. ಕೈಬೆರಳಿನ ಸಂದಿಯಲ್ಲಿ ಸೋಪು ಕಚ್ಚಿ ಹುಣ್ಣಾಗುವ ಹೆಂಗಸರಿಗೆ ಇದು ಸಣ್ಣ ಅನುಕೂಲವಲ್ಲ.

ಮಣ್ಣಿನ ಯೂನಿಫಾರ್ಮ್‌ನಲ್ಲಿ ಗೆದ್ದದ್ದು 2008ರ ಮಷೀನ್. ಕಾರಣ ನೇರವಾಗಿದೆ. ಮಣ್ಣು ಬಿಡಲು ನೀರು ಬೇಕು. ಹಳೆಯದರಲ್ಲಿ ‘ಹೈ’ ಎಂದು ಒತ್ತಿದರೆ ತೊಟ್ಟಿ ತುಂಬ ನೀರು ಬರುತ್ತದೆ, ಬಟ್ಟೆ ಅದರಲ್ಲಿ ಈಜುತ್ತದೆ, ಮಣ್ಣು ಕರಗಿ ನೀರಿನ ಜತೆ ಹೋಗುತ್ತದೆ. ಹೊಸದು ಹಾಗಲ್ಲ. ಅದು ಮೊದಲು ಒಣ ಬಟ್ಟೆಯ ಮೇಲೆ ಅತ್ತ ಇತ್ತ ನಾಲ್ಕು ಸಲ ತಿರುಗಿಸಿ ನೋಡುತ್ತದೆ. ತಿರುಗಲು ಮೋಟಾರಿಗೆ ಎಷ್ಟು ಭಾರ ಬಿತ್ತು ಎಂಬುದರಿಂದ ಬಟ್ಟೆ ಎಷ್ಟಿದೆ ಎಂದು ಅಂದಾಜು ಮಾಡಿ, ಅಷ್ಟಕ್ಕೆ ಮಾತ್ರ ನೀರು ಬಿಟ್ಟುಕೊಳ್ಳುತ್ತದೆ. ಬಟ್ಟೆ ಎಷ್ಟು ತೂಗುತ್ತದೆ ಎಂಬುದು ಅದಕ್ಕೆ ತಿಳಿಯುತ್ತದೆ. ಆ ಬಟ್ಟೆ ಎಷ್ಟು ಕೊಳೆಯಾಗಿದೆ, ಎಷ್ಟು ನೀರು ಕುಡಿಯುತ್ತದೆ ಎಂಬುದು ತಿಳಿಯುವುದಿಲ್ಲ.

ಬೆಡ್‌ಶೀಟಿನಲ್ಲಿ ಇದು ಕಣ್ಣಿಗೇ ಕಂಡಿತು. ಎರಡು ಬೆಡ್‌ಶೀಟ್ ಹಾಕಿ ಆಟೊಗೆ ಬಿಟ್ಟೆವು. ಮುಗಿದ ಮೇಲೆ ಮುಚ್ಚಳ ತೆಗೆದರೆ ಒಂದು ಬೆಡ್‌ಶೀಟ್ ಹಗ್ಗದ ಹಾಗೆ ಹುರಿಗೊಂಡಿತ್ತು. ಹೆಂಡತಿ ಬಿಡಿಸಿ ತಂತಿಗೆ ಹಾಕಿದಾಗ ಮಡಿಕೆಯೊಳಗೆ ಸೋಪಿನ ಪುಡಿ ಗೆರೆಗೆರೆಯಾಗಿ ಹಾಗೇ ಕೂತಿತ್ತು. ಕರಗಿಯೇ ಇರಲಿಲ್ಲ. ಎರಡನೇ ಸಲ ನೀರಿನ ಮಟ್ಟವನ್ನು ಕೈಯಾರೆ ಎರಡು ಗೆರೆ ಏರಿಸಿ, ಪುಡಿಯನ್ನು ಮಗ್ಗಿನ ನೀರಿನಲ್ಲಿ ಕರಗಿಸಿ ಹಾಕಿದೆವು. ಆಗ ಸರಿಹೋಯಿತು. ಅಂದರೆ ಮಷೀನಿಗೆ ತಾಕತ್ತಿಲ್ಲವೆಂದಲ್ಲ, ಅದು ತಾನಾಗಿ ಮಾಡಿಕೊಳ್ಳುವ ಅಂದಾಜು ನಮ್ಮ ಬಟ್ಟೆಗೆ, ನಮ್ಮ ನೀರಿಗೆ ಹೊಂದುವುದಿಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಒಂದು ಪಾಲನ್ನು ತಾವೇ ನುಂಗುತ್ತವೆ, ನೊರೆ ಕಡಿಮೆಯಾಗುತ್ತದೆ. ಮನೆಯವರು ನೊರೆ ಬರಲಿಲ್ಲವೆಂದು ಇನ್ನೊಂದು ಚಮಚ ಪುಡಿ ಹಾಕುತ್ತಾರೆ. ಕಡಿಮೆ ನೀರು, ಜಾಸ್ತಿ ಪುಡಿ. ಕಪ್ಪು ಪ್ಯಾಂಟಿನ ಮೇಲೆ ಬಿಳಿ ಗೆರೆ ಬರುತ್ತಿದೆ ಎಂದು ನನಗೆ ಬರುವ ಹತ್ತು ಫೋನ್‌ಗಳಲ್ಲಿ ಎಂಟಕ್ಕೆ ಇದೇ ಕಾರಣ.

ಇದು ನಮ್ಮ ಊರಿನದೊಂದೇ ಪಾಡಲ್ಲ. ಅಮೆರಿಕದಲ್ಲಿ ಸ್ಪೀಡ್ ಕ್ವೀನ್ ಎಂಬ ಹಳೆಯ ಕಂಪನಿಯೊಂದಿದೆ, ಗಟ್ಟಿಮುಟ್ಟಾದ ಟಾಪ್ ಲೋಡ್‌ಗೆ ಹೆಸರಾದದ್ದು. 2018ರಲ್ಲಿ ಅದು ಗೇರ್ ಬಾಕ್ಸ್ ತೆಗೆದು, ತೊಟ್ಟಿಯೂ ನಡುವಿನ ಕಂಬವೂ ಒಟ್ಟಿಗೇ ತಿರುಗುವ ಹೊಸ ವಿನ್ಯಾಸ ತಂದಿತು. ಬಟ್ಟೆ ಮೊದಲಿನಷ್ಟು ತಿರುಗಿ ಮಗುಚುತ್ತಿಲ್ಲ, ಕೊಳೆ ಬಿಡುತ್ತಿಲ್ಲ ಎಂದು ಕೊಂಡವರು ಗಲಾಟೆ ಮಾಡಿದರು. ಮುಂದಿನ ವರ್ಷ ಹಳೆಯ ಗೇರ್ ಬಾಕ್ಸ್ ಇರುವ ಮಾದರಿಯೂ ಮತ್ತೆ ಮಾರಾಟಕ್ಕೆ ಬಂತು. ಹೊಸದನ್ನು ಅವರು ನಿಲ್ಲಿಸಲಿಲ್ಲ, ಎರಡನ್ನೂ ಮಾರಿದರು. ಕೊಂಡವರು ಬಾಯಿಬಿಟ್ಟು ಹೇಳಿದರೆ ಕಂಪನಿ ಕೇಳುತ್ತದೆ ಅನ್ನುವುದಕ್ಕೆ ಈ ಮಾತು ನನಗೆ ಮುಖ್ಯ.

ಹಾಗಾದರೆ ನೀರು ಉಳಿಯುವುದು ಬೇಡವೇ? ಬೇಕು, ಖಂಡಿತ ಬೇಕು. ನಮ್ಮ ಬೀದಿಯಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಬೆಳಗಿನ ಜಾವಕ್ಕೆ ಎದ್ದು ತುಂಬಿಕೊಳ್ಳುವವರ ಮನೆ ನಮ್ಮದು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ್ದು ಎಲ್ಲರಿಗೂ ನೆನಪಿರಬೇಕು. ಅದಕ್ಕೇ ನಾನು ಡ್ರೇನ್ ಪೈಪನ್ನು 15 ಲೀಟರಿನ ಬಕೆಟ್ಟಿಗೆ ಬಿಟ್ಟು ಎಣಿಸಿದೆ. 2008ರ ಮಷೀನ್ ಒಂದು ಸಲಕ್ಕೆ ಒಂಬತ್ತು ಬಕೆಟ್ ಹೊರಹಾಕಿತು. ಹೊಸದು ತಾನಾಗಿ ಬಿಟ್ಟುಕೊಂಡಾಗ ಆರು, ನಾವು ಮಟ್ಟ ಏರಿಸಿದಾಗ ಏಳೂವರೆ. ಅಲ್ಲಿಗೆ ಹೊಸದೇ ಗೆದ್ದಿತು ಎಂದುಕೊಂಡೆ.

ಅಷ್ಟರಲ್ಲಿ ಅವ್ವ, “ನಂದನ್ನೂ ಎಣ್ಸೋ” ಅಂದಳು.

ಅವ್ವ ಒಗೆಯುವ ಕ್ರಮವೇ ಬೇರೆ. ಸೆಮಿ ಆಟೊಮ್ಯಾಟಿಕ್ಕಿನ ಒಗೆಯುವ ತೊಟ್ಟಿಗೆ ಮೂರು ಬಕೆಟ್ ನೀರು ಹಾಕಿ ಪುಡಿ ಕರಗಿಸುತ್ತಾಳೆ. ಮೊದಲು ಬಿಳಿ ಬಟ್ಟೆ. ಅದನ್ನು ತೆಗೆದು ಅದೇ ಸೋಪಿನ ನೀರಿಗೆ ಬಣ್ಣದ ಬಟ್ಟೆ. ಅದಾದ ಮೇಲೆ ಅದೇ ನೀರಿಗೆ ಕಾಲೊರೆಸುವ ಬಟ್ಟೆ, ನನ್ನ ಗ್ರೀಸಿನ ಪ್ಯಾಂಟು. ಪ್ರತಿ ಪಾಲನ್ನೂ ಸ್ಪಿನ್ನಿಗೆ ಹಾಕಿ ಸೋಪಿನ ನೀರು ಹಿಂಡಿ ತೆಗೆದು, ಆಮೇಲೆ ಬಕೆಟ್ಟಿನಲ್ಲಿ ಜಾಲಿಸುತ್ತಾಳೆ. ಸೋಪು ಮೊದಲೇ ಹಿಂಡಿ ಹೋಗಿರುವುದರಿಂದ ಜಾಲಿಸಲು ಎರಡೂವರೆ ಬಕೆಟ್ ಸಾಕು. ಎರಡನೇ ಸಲ ಜಾಲಿಸಿದ ನೀರು ಮುಂದಿನ ಪಾಲಿಗೆ ಮೊದಲ ನೀರಾಗುತ್ತದೆ. ಮೂರು ಪಾಲು ಬಟ್ಟೆಗೆ ಅವಳ ಲೆಕ್ಕ ಒಟ್ಟು ಒಂಬತ್ತೂವರೆ ಬಕೆಟ್. ಹೊಸ ಮಷೀನಿಗೆ ಅದೇ ಮೂರು ಪಾಲಿಗೆ ಹದಿನೆಂಟು. ಅವ್ವ ಕೊನೆಯಲ್ಲಿ ಉಳಿದ ಸೋಪಿನ ನೀರಿನಲ್ಲಿ ಹಿತ್ತಲು ತೊಳೆದಳು. ಅವಳಿಗೆ ಈಗ 74.

ಇದನ್ನು ಹೇಳಿದ್ದು ಎಲ್ಲರೂ ಸೆಮಿಗೆ ವಾಪಸ್ ಹೋಗಿ ಅನ್ನುವುದಕ್ಕಲ್ಲ. ಅವ್ವನ ಆ ಒಂಬತ್ತೂವರೆ ಬಕೆಟ್ಟಿನ ಹಿಂದೆ ಒಂದೂವರೆ ಗಂಟೆ ನಿಂತ ಸೊಂಟವಿದೆ. ಕೆಲಸಕ್ಕೆ ಹೋಗುವ ಹೆಂಗಸು ಬೆಳಿಗ್ಗೆ ಹಾಗೆ ನಿಲ್ಲಲಾರಳು, ನಿಲ್ಲಬೇಕಾಗಿಯೂ ಇಲ್ಲ. ನನ್ನ ಕೇಳಿಕೆ ಕಂಪನಿಗಳಿಗೆ. ಕೆಲವು ಹಳೆಯ ಮಷೀನ್‌ಗಳಲ್ಲಿ ಸೋಪಿನ ನೀರನ್ನು ಹೊರಬಿಡದೆ ತೊಟ್ಟಿಯಲ್ಲೇ ನಿಲ್ಲಿಸಿಕೊಳ್ಳಲು ಆಗುತ್ತಿತ್ತು. ಈಗ ಅಷ್ಟೊಂದು ಗುಂಡಿಗಳಿವೆ: ಜೀನ್ಸ್, ಮಕ್ಕಳ ಬಟ್ಟೆ, ಉಣ್ಣೆ ಎಂದು ಹತ್ತು ಹನ್ನೆರಡು ಬಗೆ. ಒಂದು ಗುಂಡಿ ‘ನೀರು ಉಳಿಸಿಕೊ, ಇನ್ನೊಂದು ಪಾಲು ಬರುತ್ತಿದೆ’ ಎಂಬುದಕ್ಕೆ ಇರಲಿ. ನೀರಿಗೆ ಕಷ್ಟಪಡುವ ಊರುಗಳಿಗೆ ಅದರಷ್ಟು ಉಪಯೋಗದ್ದು ಬೇರೆ ಇಲ್ಲ.

ಇನ್ನು ಮೋಟಾರು. ಇಲ್ಲಿ ನಾನು ಹೊಸದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಹಳೆಯದರಲ್ಲಿ ಮೋಟಾರು ಒಂದು ಮೂಲೆಯಲ್ಲಿ, ಅಲ್ಲಿಂದ ಬೆಲ್ಟು, ಬೆಲ್ಟಿನಿಂದ ದೊಡ್ಡ ಚಕ್ರ, ಚಕ್ರದಿಂದ ಕ್ಲಚ್. ಬೆಲ್ಟು ಸವೆದರೆ ರಬ್ಬರ್ ಸುಟ್ಟ ವಾಸನೆ, ಕ್ಲಚ್ ಸವೆದರೆ ಒಗೆಯುವಾಗಲೇ ತೊಟ್ಟಿ ತಿರುಗಲು ಶುರು. ಹೊಸದರಲ್ಲಿ ಮೋಟಾರು ತೊಟ್ಟಿಯ ಕೆಳಗೇ ನೇರ ಕೂತಿರುತ್ತದೆ. ಬೆಲ್ಟೇ ಇಲ್ಲ. ಈ ನೇರ ಜೋಡಣೆಯ ಮೋಟಾರನ್ನು ಎಲ್‌ಜಿ ಕಂಪನಿ 1998ರಲ್ಲಿ ತಂದಿತು, ಈಗ ಹಲವರು ಅದೇ ದಾರಿ ಹಿಡಿದಿದ್ದಾರೆ. ಬಟ್ಟೆ ನೋಡಿ ವೇಗ ಹೆಚ್ಚು ಕಡಿಮೆ ಮಾಡುತ್ತದೆ, ಹೊರಡುವಾಗ ಜಗ್ಗುವುದಿಲ್ಲ. ಸ್ಪಿನ್ ಆಗುವಾಗ ನಮ್ಮ 2008ರ ಮಷೀನ್ ಹಿತ್ತಲ ಗೋಡೆಯವರೆಗೆ ನಡೆದುಕೊಂಡು ಹೋಗುತ್ತಿತ್ತು, ಅದಕ್ಕೆ ಎರಡು ಇಟ್ಟಿಗೆ ಅಡ್ಡ ಕೊಟ್ಟಿದ್ದೆವು. ಹೊಸದರ ಮೇಲೆ ಸ್ಟೀಲ್ ಲೋಟದಲ್ಲಿ ನೀರಿಟ್ಟೆ, ತುಳುಕಲಿಲ್ಲ. ರಾತ್ರಿ ಹನ್ನೊಂದಕ್ಕೆ ಹಾಕಿದರೂ ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಗೋಡೆಗೆ ಗೋಡೆ ತಾಗಿದ ಬಾಡಿಗೆ ಮನೆಗಳಲ್ಲಿ ಇದರ ಬೆಲೆ ದೊಡ್ಡದು. ಎಷ್ಟೋ ಮನೆಗಳಲ್ಲಿ ಓನರ್ ಜತೆ ಜಗಳಕ್ಕೆ ಮಷೀನಿನ ಸದ್ದೇ ಕಾರಣವಾದದ್ದನ್ನು ನೋಡಿದ್ದೇನೆ.

ಹಿಂಡುವುದರಲ್ಲಿ ಮಾತ್ರ ಅವ್ವನ ಸೆಮಿಯೇ ಮುಂದು. ಅದರ ಸ್ಪಿನ್ ತೊಟ್ಟಿ ಸಣ್ಣದು, ನಿಮಿಷಕ್ಕೆ 1,300 ಸುತ್ತಿನ ಮೇಲೆ ತಿರುಗುತ್ತದೆ. ಫುಲ್ ಆಟೊಮ್ಯಾಟಿಕ್ ಟಾಪ್ ಲೋಡ್, ಹಳೆಯದಿರಲಿ ಹೊಸದಿರಲಿ, 700ರ ಆಸುಪಾಸು. ಆಷಾಢದ ಮಳೆಯಲ್ಲಿ ಆ ವ್ಯತ್ಯಾಸ ಒಳಗಿನ ತಂತಿಯ ಮೇಲೆ ಒಂದು ಇಡೀ ದಿನದ್ದು.

ಹೊಸ ತೊಟ್ಟಿಯ ಆಳದ ಬಗ್ಗೆ ನನ್ನ ಹೆಂಡತಿ ಹೇಳಿದ್ದನ್ನು ಇಲ್ಲಿ ಬರೆಯದಿದ್ದರೆ ಈ ಲೇಖನ ಅರ್ಧ. ಅವಳ ಎತ್ತರ ಐದಡಿಗೆ ಒಂದು ಇಂಚು ಕಮ್ಮಿ. ಹಳೆಯ 6 ಕೆ.ಜಿ. ಮಷೀನಿನ ತಳ ಅವಳ ಕೈಗೆ ಎಟುಕುತ್ತಿತ್ತು. ಹೊಸದರ ತಳದಲ್ಲಿ ಉಳಿದ ಒಂದು ಕಾಲುಚೀಲ ತೆಗೆಯಲು ಅವಳು ತುದಿಗಾಲಲ್ಲಿ ನಿಂತು, ಹೊಟ್ಟೆಯನ್ನು ಅಂಚಿಗೆ ಒತ್ತಿ ಬಾಗಬೇಕು. ಈಗ ಹಿತ್ತಲಲ್ಲಿ ಮಷೀನಿನ ಮುಂದೆ ಒಂದು ಮಣೆ ಇದೆ. ಕೆ.ಜಿ. ಹೆಚ್ಚಿದಂತೆ ತೊಟ್ಟಿ ಆಳವಾಗುತ್ತಾ ಹೋಗುತ್ತದೆ. ಬಟ್ಟೆ ತೆಗೆಯುವವರು ಹೆಚ್ಚಾಗಿ ನಮ್ಮ ಹೆಂಗಸರು, ಅವರಲ್ಲಿ ಬಹಳ ಮಂದಿ ಐದಡಿಯ ಆಸುಪಾಸಿನವರು. ಅಂಗಡಿಯಲ್ಲಿ ಬಣ್ಣ, ಗಾಜು ನೋಡುವ ಮೊದಲು ತಳಕ್ಕೆ ಕೈ ಹಾಕಿ ನೋಡಿ. ಇನ್ನೊಂದು ತೊಡಕು, ಗುಂಡಿಗಳ ಮೇಲಿನ ಬರಹವೆಲ್ಲ ಇಂಗ್ಲಿಷ್. ಅವ್ವ ತನ್ನ ಸೆಮಿಯ ಟೈಮರನ್ನು ಓದದೆಯೇ ಬಳಸುತ್ತಾಳೆ, ಎಷ್ಟು ತಿರುಗಿಸಿದರೆ ಎಷ್ಟು ಹೊತ್ತು ಎಂಬುದು ಕೈಗೆ ಗೊತ್ತು. ಹೊಸದರ ನುಣುಪು ಗಾಜಿನ ಮೇಲೆ ಕೈಗೆ ಸಿಗುವ ಗುರುತೇ ಇಲ್ಲ. ಕರ್ನಾಟಕದಲ್ಲಿ ಮಾರುವ ಮಷೀನ್ ಮೇಲೆ ಕನ್ನಡದಲ್ಲಿ ‘ಒಗೆ’, ‘ಜಾಲಿಸು’, ‘ಹಿಂಡು’ ಎಂದು ಮೂರು ಮಾತು ಅಚ್ಚು ಹಾಕಲು ಎಷ್ಟು ಖರ್ಚಾದೀತು?

ಈಗ ಅಂಗಡಿಯಲ್ಲಿ ಹೇಳದ ಸಂಗತಿಗೆ ಬರುತ್ತೇನೆ.

ಕಳೆದ ಮಳೆಗಾಲದಲ್ಲಿ ವಿದ್ಯಾನಗರದ ಒಬ್ಬ ನಿವೃತ್ತ ಮೇಷ್ಟ್ರ ಮನೆಗೆ ಹೋಗಿದ್ದೆ. ಮೂರು ವರ್ಷದ ಮಷೀನ್. ಗುಡುಗು ಮಳೆಯ ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಸತ್ತಂತೆ ಬಿದ್ದಿತ್ತು, ಒಂದು ದೀಪವೂ ಹತ್ತುತ್ತಿರಲಿಲ್ಲ. ಕಂಪನಿಯ ಸರ್ವಿಸ್‌ನವರು ಬಂದು ನೋಡಿ, ಮಷೀನ್ ನಡೆಸುವ ಸರ್ಕ್ಯೂಟ್ ಬೋರ್ಡ್ ಹೋಗಿದೆ, ಹೊಸದಕ್ಕೆ 6,800 ರೂಪಾಯಿ, ಬರಲು ಮೂರು ವಾರ ಎಂದು ಚೀಟಿ ಕೊಟ್ಟು ಹೋಗಿದ್ದರು. ಮೇಷ್ಟ್ರು ಮಷೀನಿನ ಮೇಲೆ ಅಂಟಿಸಿದ್ದ ಸ್ಟಿಕ್ಕರ್ ತೋರಿಸಿದರು. “10 ವರ್ಷ ವಾರಂಟಿ ಅಂತ ಇಷ್ಟು ದೊಡ್ಡದಾಗಿ ಬರ್ದಾರಲ್ಲಪ್ಪ?” ಅಂದರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮೋಟಾರಿಗೆ ಮಾತ್ರ’ ಎಂಬರ್ಥದ ಒಂದು ಸಾಲಿತ್ತು. ಇಡೀ ಮಷೀನಿಗೆ ಇದ್ದದ್ದು ಎರಡು ವರ್ಷ.

ಮೇಷ್ಟ್ರ ಒಪ್ಪಿಗೆ ಪಡೆದು ಆ ಬೋರ್ಡನ್ನು ಅಂಗಡಿಗೆ ತಂದೆ. ಫುಲ್ ಆಟೊಮ್ಯಾಟಿಕ್‌ಗಳಲ್ಲಿ ತೇವ ತಾಗದಿರಲೆಂದು ಬೋರ್ಡನ್ನು ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿಟ್ಟು, ಮೇಲೆ ಪಾರದರ್ಶಕ ಅಂಟನ್ನು ಸುರಿದು ಗಟ್ಟಿ ಮಾಡಿರುತ್ತಾರೆ. ಹಲಸಿನ ಅಂಟು ಆರಿದ ಹಾಗಿರುತ್ತದೆ. ಒಳಗಿನದು ಕಾಣುತ್ತದೆ, ಮುಟ್ಟಲು ಬರುವುದಿಲ್ಲ. ಚಾಕು ಹಾಕಿದರೆ ತಾಮ್ರದ ಗೆರೆ ಕತ್ತರಿಸುತ್ತದೆ. ನಾನು ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಬಿದಿರು ಕಡ್ಡಿಯ ತುದಿಯನ್ನು ಚಪ್ಪಟೆ ಮಾಡಿಕೊಂಡು, ಉಗುರಿನಷ್ಟು ಉಗುರಿನಷ್ಟೇ ಅಂಟು ಕೀಳುತ್ತಾ ಹೋದೆ. ಎರಡು ಗಂಟೆಯ ಕೆಲಸ. ಕರೆಂಟು ಒಳಬರುವ ಜಾಗದಲ್ಲಿ ನೀಲಿ ಬಿಲ್ಲೆಯಂಥ ಒಂದು ವೇರಿಸ್ಟರ್ ಇರುತ್ತದೆ. ವೋಲ್ಟೇಜ್ ಒಮ್ಮೆಗೇ ಏರಿದಾಗ ತಾನು ಸುಟ್ಟು ಉಳಿದದ್ದನ್ನು ಕಾಪಾಡುವುದು ಅದರ ಕೆಲಸ. ಅದು ಸೀಳಿ ಕಪ್ಪಾಗಿತ್ತು, ಪಕ್ಕದ ಫ್ಯೂಸೂ ಹೋಗಿತ್ತು. ಎರಡೂ ಸೇರಿ 30 ರೂಪಾಯಿ. ಬದಲಿಸಿ ಬೆಸುಗೆ ಹಾಕಿ, ಮತ್ತೆ ಅಂಟು ತುಂಬಿ, ಮಾರನೇ ದಿನ ಕೂಡಿಸಿದೆ. ಮಷೀನ್ ಇವತ್ತಿಗೂ ಓಡುತ್ತಿದೆ.

ಪ್ರತಿ ಬೋರ್ಡೂ ಹೀಗೆ ಬದುಕುತ್ತದೆ ಎಂದು ನಾನು ಹೇಳಲಾರೆ. ನಾಲ್ಕರಲ್ಲಿ ಎರಡು ನನ್ನ ಕೈಯಲ್ಲಿ ಆಗುವುದಿಲ್ಲ. ಮೈಕ್ರೊಕಂಟ್ರೋಲರ್ ಹೋಗಿದ್ದರೆ ಅದರೊಳಗಿನ ಪ್ರೋಗ್ರಾಂ ಹೊರಗೆ ಸಿಗುವುದೇ ಇಲ್ಲ. ಸರ್ಕ್ಯೂಟ್ ನಕ್ಷೆ ನಮ್ಮಂಥವರಿಗೆ ಕೊಡುವುದಿಲ್ಲ. ಒಂದು ಮಾಡೆಲ್ಲಿನ ಬೋರ್ಡು, ನೋಡಲು ಅದೇ ಥರ ಇರುವ ಮುಂದಿನ ವರ್ಷದ ಮಾಡೆಲ್ಲಿಗೆ ಕೂಡುವುದಿಲ್ಲ, ಪ್ಲಗ್ಗಿನ ಆಕಾರ ಬದಲಾಗಿರುತ್ತದೆ. 2008ರ ನಮ್ಮ ಮಷೀನಿನಲ್ಲೂ ಬೋರ್ಡಿದೆ ನಿಜ, ಆದರೆ ಅದು ಮಾಡುತ್ತಿದ್ದದ್ದು ನಾಲ್ಕೈದು ಸ್ವಿಚ್ಚುಗಳ ಕೆಲಸ. ಹೊಸದರಲ್ಲಿ ಮೋಟಾರು ತಿರುಗುವುದೂ ಬೋರ್ಡಿನಿಂದಲೇ. ಆ ಒಳ್ಳೆಯ ಮೋಟಾರಿಗೆ ನೇರ ಕರೆಂಟು ಕೊಟ್ಟರೆ ಅಲುಗುವುದೂ ಇಲ್ಲ. ಹತ್ತು ವರ್ಷಕ್ಕೂ ಕೆಡದ ಭಾಗಕ್ಕೆ ಹತ್ತು ವರ್ಷದ ವಾರಂಟಿ, ನಮ್ಮ ವೋಲ್ಟೇಜಿಗೆ ಮೊದಲು ಸಾಯುವ ಭಾಗಕ್ಕೆ ಎರಡು ವರ್ಷ. ಇದು ನನಗೆ ಸಹಿಸಲಾಗದ ಮಾತು. ಇದರ ಮೇಲೆ ತಳದಿಂದ ಇಲಿ ನುಗ್ಗಿ ವೈರು ಕಡಿಯುವುದು, ಬೆಚ್ಚಗಿದೆಯೆಂದು ಹಲ್ಲಿ ಬಂದು ಬೋರ್ಡಿನ ಸಂದಿಯಲ್ಲಿ ಸುಟ್ಟು ಸಾಯುವುದು ಇವೆಲ್ಲ ನಮ್ಮ ದೇಶದಲ್ಲಿ ಮಾಮೂಲು. ಇವಕ್ಕೆ ವಾರಂಟಿ ಇಲ್ಲ. ತಳಕ್ಕೆ ಜಾಲರಿ ಹಾಕಿದ ಮಾಡೆಲ್‌ಗಳೂ ಈಗ ಬರುತ್ತಿವೆ, ಆ ಕೆಲಸವನ್ನು ಎಲ್ಲರೂ ಮಾಡಬೇಕು.

ನನಗೆ ಹೊಟ್ಟೆ ಉರಿಯುವುದು ಅನುಪಾತ ನೋಡಿ. 18,000 ರೂಪಾಯಿಯ ಮಷೀನಿಗೆ 6,800ರ ಬೋರ್ಡು, ಬಂದು ನೋಡಿದ್ದಕ್ಕೆ ಬೇರೆ ಚಾರ್ಜು. ಅಷ್ಟು ಹೇಳಿದ ಕೂಡಲೇ ಮನೆಯವರು ಎಕ್ಸ್‌ಚೇಂಜ್‌ಗೆ ಹೋಗುತ್ತಾರೆ. ತುಕ್ಕು ಹಿಡಿಯದ ಸ್ಟೀಲ್ ತೊಟ್ಟಿ, ಹೊಸದರಂಥ ಮೋಟಾರು, ನಾಲ್ಕು ಸಸ್ಪೆನ್ಷನ್ ರಾಡು ಎಲ್ಲ ಗಟ್ಟಿಯಾಗಿರುವ ಮಷೀನ್ ಆಟೊದಲ್ಲಿ ಮಲಗಿ ಗುಜರಿಗೆ ಹೋಗುತ್ತದೆ. 30 ರೂಪಾಯಿಯ ಒಂದು ಬಿಲ್ಲೆ, ಒಂದು ಫ್ಯೂಸಿಗಾಗಿ. ಆಜಾದ್ ನಗರದ ಕಡೆಯ ಗುಜರಿ ಅಂಗಡಿಗಳಿಗೆ ನಾನು ಸ್ಪೇರ್ ಹುಡುಕಲು ಹೋಗುತ್ತೇನೆ. ಹತ್ತು ವರ್ಷದ ಹಿಂದೆ ಅಲ್ಲಿ ಬರುತ್ತಿದ್ದದ್ದು ತಳ ತುಕ್ಕು ಹಿಡಿದು ಉದುರಿದ ಮಷೀನ್‌ಗಳು. ಈಗ ಬರುವವುಗಳ ಮೇಲೆ ಕಂಪನಿಯ ಪ್ಲಾಸ್ಟಿಕ್ ಹಾಳೆ ಇನ್ನೂ ಕಿತ್ತಿರುವುದಿಲ್ಲ.

ಇದಕ್ಕೆ ದಾರಿ ಇಲ್ಲದೇ ಇಲ್ಲ. ಯುರೋಪಿನ ಒಕ್ಕೂಟದಲ್ಲಿ 2021ರಿಂದ ಒಂದು ನಿಯಮವಿದೆ. ವಾಷಿಂಗ್ ಮಷೀನ್ ಮಾಡೆಲ್ಲೊಂದರ ಕೊನೆಯ ಮಷೀನು ಮಾರುಕಟ್ಟೆಗೆ ಬಂದ ಮೇಲೂ ಹತ್ತು ವರ್ಷ ಅದರ ಮುಖ್ಯ ಸ್ಪೇರ್‌ಗಳು ಸಿಗುತ್ತಿರಬೇಕು, ಕೇಳಿದ 15 ಕೆಲಸದ ದಿನಗಳೊಳಗೆ ಕಳಿಸಬೇಕು. ಆ ಪಟ್ಟಿಯಲ್ಲಿ ಬೋರ್ಡೂ ಸೇರಿದೆ. ಫ್ರಾನ್ಸ್‌ನಲ್ಲಿ 2021ರ ಜನವರಿಯಿಂದ ಮಷೀನಿನ ಬೆಲೆಯ ಪಕ್ಕದಲ್ಲೇ ಅದನ್ನು ರಿಪೇರಿ ಮಾಡುವುದು ಎಷ್ಟು ಸಲೀಸು ಎಂದು 10ಕ್ಕೆ ಅಂಕ ಹಾಕಿ ತೋರಿಸಬೇಕಾಯಿತು. ಬಿಚ್ಚಲು ಬರುತ್ತದೆಯೇ, ಸ್ಪೇರ್ ಸಿಗುತ್ತದೆಯೇ, ಸ್ಪೇರಿನ ಬೆಲೆ ಎಷ್ಟು ಎಂಬುದೆಲ್ಲ ಆ ಅಂಕದೊಳಗೆ ಬರುತ್ತಿತ್ತು. ಮೊದಲು ಫ್ರಂಟ್ ಲೋಡ್‌ಗೆ ಇತ್ತು, 2022ರಲ್ಲಿ ಟಾಪ್ ಲೋಡ್‌ಗೂ ಬಂತು. ಅವರ ಟಾಪ್ ಲೋಡ್ ನಮ್ಮದರ ಹಾಗಲ್ಲ, ಮುಚ್ಚಳ ಮೇಲಿದ್ದರೂ ಒಳಗೆ ಡ್ರಮ್ ಅಡ್ಡ ತಿರುಗುತ್ತದೆ. ಆದರೆ ಬೋರ್ಡಿನ ಕಷ್ಟ ಎಲ್ಲ ಕಡೆಯೂ ಒಂದೇ.

ನಮ್ಮಲ್ಲೂ ಮಾತು ಶುರುವಾಗಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿತು, ಅದೇ ವರ್ಷದ ಕೊನೆಗೆ ಒಂದು ಪೋರ್ಟಲ್ ತೆರೆಯಿತು. ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ವಸ್ತುಗಳಿಗೆ ರಿಪೇರಿ ಅಂಕ ಕೊಡುವ ಬಗ್ಗೆ 2025ರಲ್ಲಿ ಒಂದು ವರದಿಯೂ ಸಲ್ಲಿಕೆಯಾಯಿತು. ಕರೆಂಟಿನ ನಕ್ಷತ್ರದ ಲೇಬಲ್ಲನ್ನು ವಾಷಿಂಗ್ ಮಷೀನಿಗೆ ತಂದದ್ದು 2019ರಲ್ಲಿ. ಈಗ ಜನ ನಕ್ಷತ್ರ ಎಣಿಸಿಯೇ ಕೊಳ್ಳುತ್ತಾರೆ. ತಣ್ಣೀರಿನಲ್ಲಿ ಒಗೆದರೆ ಟಾಪ್ ಲೋಡ್ ಉಣ್ಣುವ ಕರೆಂಟು ಬಲು ಕಡಿಮೆ, ಅದರಲ್ಲಿ ಉಳಿಸಿದ್ದು ಒಂದು ಬೋರ್ಡಿನ ಖರ್ಚಿಗೂ ಸಾಲದು. ನಕ್ಷತ್ರದ ಪಕ್ಕದಲ್ಲಿ ರಿಪೇರಿಯ ಅಂಕವೂ ಇರಬೇಕು, ಅದೂ ಕಂಪನಿಯ ಇಷ್ಟಕ್ಕೆ ಬಿಟ್ಟದ್ದಾಗಿರದೆ ಕಡ್ಡಾಯವಾಗಿರಬೇಕು. ಬೋರ್ಡಿನ ಬೆಲೆಯನ್ನು ಪೆಟ್ಟಿಗೆಯ ಮೇಲೆ ಎಂ.ಆರ್.ಪಿ. ಜತೆಗೇ ಮುದ್ರಿಸಬೇಕು. ಇದರಲ್ಲಿ ನನ್ನ ಹೊಟ್ಟೆಪಾಡೂ ಇದೆ, ಬಚ್ಚಿಡುವುದಿಲ್ಲ. ಆದರೆ ಮೇಷ್ಟ್ರ ಪೆನ್ಷನ್ನಿನ 6,800 ರೂಪಾಯಿ ನನ್ನ ಹೊಟ್ಟೆಪಾಡಿಗಿಂತ ದೊಡ್ಡ ಮಾತು.

ಹಾಗಾದರೆ ಕೊಳ್ಳುವುದೋ ಬೇಡವೋ? ನನ್ನ ತೀರ್ಮಾನ ಇಷ್ಟು. ಬೆಲ್ಟ್ ಕ್ಲಚ್ಚಿನ ಹಳೆಯ ಮಷೀನ್ ನಿಮ್ಮಲ್ಲಿದ್ದು ತೊಟ್ಟಿ ಗಟ್ಟಿಯಾಗಿದ್ದರೆ, ರಿಪೇರಿ ಬಿಲ್ಲು ಮೂರು ಸಾವಿರದ ಒಳಗಿದ್ದರೆ, ಕೊಡಬೇಡಿ. ಎಕ್ಸ್‌ಚೇಂಜಿನಲ್ಲಿ ಅದಕ್ಕೆ ಸಿಗುವ ಸಾವಿರ ಚಿಲ್ಲರೆಗಿಂತ ಅದು ಒಗೆಯುವ ಬಟ್ಟೆ ದೊಡ್ಡದು. ನೀರಿಗೆ ಬಹಳ ಕಷ್ಟವಿದ್ದು, ನಿಂತು ಮಾಡುವ ಶಕ್ತಿ ಮನೆಯಲ್ಲಿ ಯಾರಿಗಾದರೂ ಇದ್ದರೆ ಸೆಮಿ ಇವತ್ತಿಗೂ ಒಳ್ಳೆಯ ಮಷೀನ್, ಅದರಲ್ಲಿ ಕೆಡುವುದನ್ನೆಲ್ಲ ಯಾವ ಊರಿನಲ್ಲಾದರೂ ಸರಿ ಮಾಡುತ್ತಾರೆ. ಇಬ್ಬರೂ ದುಡಿಯುವ ಮನೆ, ಮೊಣಕಾಲು ನೋವು, ಬಾಡಿಗೆ ಮನೆಯ ಗೋಡೆ, ಇಂಥ ಕಾರಣಗಳಿದ್ದರೆ ಹೊಸದನ್ನು ಧೈರ್ಯವಾಗಿ ತನ್ನಿ, ಒಗೆತದಲ್ಲಿ ಮೋಸವಿಲ್ಲ. ನೀರಿನ ಮಟ್ಟವನ್ನು ಕೈಯಿಂದ ಏರಿಸಲು ಬರುವ ಮಾಡೆಲ್ಲನ್ನೇ ಆರಿಸಿ. ಸ್ಟೆಬಿಲೈಸರ್ ಬೇಡ ಎಂದು ಅಂಗಡಿಯಲ್ಲಿ ಹೇಳಿದರೂ, ಗುಡುಗು ಶುರುವಾದರೆ ಗೋಡೆಯ ಪ್ಲಗ್ಗು ಕಿತ್ತಿಡಿ.

ದುಡ್ಡು ಕೊಡುವ ಮೊದಲು ಇನ್ನೊಂದು ಕೆಲಸ ಮಾಡಿ. ಅಂಗಡಿಯವರನ್ನು ನೇರವಾಗಿ ಕೇಳಿ: “ಈ ಮಾಡೆಲ್ಲಿನ ಬೋರ್ಡಿಗೆ ಎಷ್ಟು, ಎಷ್ಟು ವರ್ಷ ವಾರಂಟಿ, ಎಷ್ಟು ವರ್ಷದ ತನಕ ಸಿಗುತ್ತೆ?” ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ, ಅಲ್ಲೂ ಅದನ್ನೇ ಕೇಳಿ.